ಹೋಂಡಾ ಸಿಟಿಯ ಗೇರ್ ಬಾಕ್ಸ್ ಎಷ್ಟು ಬಾಳಿಕೆ ಬರುತ್ತದೆ? ಬೆಳಗಾವಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಗೇರ್ ಹಲ್ಲು ಕತ್ತರಿಸುವ ಮಷಿನ್ ಮುಂದೆ ನಿಂತವನು ನಾನು. ಕಾರಿನ ಮಿಸ್ತ್ರಿ ಅಲ್ಲ. ಆದರೂ ಓಣಿಯಲ್ಲಿ ಯಾರ ಗಾಡಿ ಜರ್ಕ್ ಹೊಡೆದರೂ "ಕಾಕಾ, ಒಂದ್ ಸ್ವಲ್ಪ ನೋಡ್ರಿ" ಅಂತ ನಮ್ಮ ಮನೆ ಮುಂದೆ ತಂದು ನಿಲ್ಲಿಸುತ್ತಾರೆ. ಗೇರಿನ ಹಲ್ಲು ಗೊತ್ತಿದ್ದವನಿಗೆ ಇಡೀ ಗೇರ್ ಬಾಕ್ಸ್ ಗೊತ್ತಿರುತ್ತದೆ ಅನ್ನುವುದು ಅವರ ನಂಬಿಕೆ. ಆ ನಂಬಿಕೆ ಉಳಿಸಿಕೊಳ್ಳಲು ನಾನೂ ಒಂದಷ್ಟು ಓದಿದೆ, ಒಂದಷ್ಟು ಗಾಡಿಗಳ ಅಡಿಗೆ ಮಲಗಿ ನೋಡಿದೆ. ನನ್ನ ಮನೆಯಲ್ಲಿ ಮೊದಲು 2009ರ ಮ್ಯಾನುಯಲ್ (ಕೈಯಿಂದ ಗೇರ್ ಹಾಕುವ) ಸಿಟಿ ಇತ್ತು. ಈಗಿರುವುದು 2016ರ ಸಿವಿಟಿ, ಅಂದರೆ ಹಲ್ಲಿನ ಗೇರಿನ ಬದಲು ಬೆಲ್ಟ್ ಮತ್ತು ಪುಲ್ಲಿಯಿಂದ ನಡೆಯುವ ಆಟೋಮ್ಯಾಟಿಕ್. ಕೇಳಿದವರಿಗೆಲ್ಲ ಮತ್ತೆ ಮತ್ತೆ ಹೇಳಿದ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ಸಿಟಿಯ ಗೇರ್ ಬಾಕ್ಸ್ ನಂಬಬಹುದಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ.

ನಂಬಬಹುದು. ಆದರೆ ಯಾವ ಸಿಟಿ ಅಂತ ಮೊದಲು ಹೇಳಿ. ಹೆಸರು ಒಂದೇ ಇದ್ದರೂ ಒಳಗಿರುವ ಗೇರ್ ಬಾಕ್ಸ್ ಒಂದೇ ಅಲ್ಲ.

ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. ಆಗಿನ ಗಾಡಿಗಳು ಈಗ ರಸ್ತೆಯಲ್ಲಿ ಕಾಣುವುದೇ ಕಡಿಮೆ. 2003ರಲ್ಲಿ ಬಂದ ಎರಡನೇ ಪೀಳಿಗೆಯಲ್ಲಿ ಸಿವಿಟಿ ಸಿಗಲು ಶುರುವಾಯಿತು. ಅದರಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲಿನ ಹರಿವಿನ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗ) ಇರಲಿಲ್ಲ, ಗಾಡಿಯನ್ನು ನಿಂತಲ್ಲಿಂದ ಎಳೆಯಲು ಆಯಿಲಿನಲ್ಲಿ ಮುಳುಗಿದ 'ಸ್ಟಾರ್ಟ್ ಕ್ಲಚ್' ಇತ್ತು. ಹಳೇ ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಅನುಮಾನ ಪಡಬೇಕಾದದ್ದು ಅದರ ಮೇಲೆ, ಅದರ ಆಯಿಲಿನ ಮೇಲೆ. 2008ರ ಕೊನೆಗೆ ಬಂದ ಮೂರನೆಯದರಲ್ಲಿ ಹೋಂಡಾ ಸಿವಿಟಿಯನ್ನು ಕೈಬಿಟ್ಟು 5 ಗೇರಿನ ಮಾಮೂಲಿ ಆಟೋಮ್ಯಾಟಿಕ್ ಹಾಕಿತು. ಸ್ವಲ್ಪ ನಿಧಾನ, ಸ್ವಲ್ಪ ಪೆಟ್ರೋಲ್ ಜಾಸ್ತಿ, ಆದರೆ ಕಲ್ಲಿನಂಥ ಗಟ್ಟಿ ಮಾಲು. 2014ರಲ್ಲಿ ಸಿವಿಟಿ ಮತ್ತೆ ಬಂತು, ಈ ಸಲ ಟಾರ್ಕ್ ಕನ್ವರ್ಟರ್ ಜೊತೆಗೆ. 2020ರಲ್ಲೂ ಅದೇ ದಾರಿ. ಮ್ಯಾನುಯಲ್ ವಿಷಯಕ್ಕೆ ಬಂದರೆ 2014ರ ಪೆಟ್ರೋಲಿಗೆ 5 ಗೇರು, ಡೀಸೆಲಿಗೆ 6. 2020ರಿಂದ ಎರಡಕ್ಕೂ 6. 2023ರಲ್ಲಿ ಡೀಸೆಲ್ ನಿಂತೇ ಹೋಯಿತು.

ಹಾಗಾಗಿ "ಸಿಟಿ ಸಿವಿಟಿ ಕೆಟ್ಟದ್ದಂತೆ" ಅನ್ನುವವರು ಹೇಳುತ್ತಿರುವುದು 2005ರ ಗಾಡಿಯ ಕಥೆಯೋ 2015ರದೋ ಅಂತ ಕೇಳಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಸಿವಿಟಿಯಲ್ಲಿ ಬೆಲ್ಟ್ ಇರುತ್ತಂತೆ. ಹರಿದು ಹೋಗಲ್ವಾ?

ಬೆಲ್ಟ್ ಅಂದ ಕೂಡಲೇ ಎಲ್ಲರಿಗೂ ಹಿಟ್ಟಿನ ಗಿರಣಿಯ ಪಟ್ಟಿ ನೆನಪಾಗುತ್ತದೆ. ರಬ್ಬರ್ ಪಟ್ಟಿ ಇರುವುದು ನಿಮ್ಮ ಮನೆಯ ಗೇರ್ ಇಲ್ಲದ ಸ್ಕೂಟರಿನಲ್ಲಿ. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ಮಾಡಿದ ಸಣ್ಣ ಕಾರಿನಲ್ಲೂ ಅಂಥದ್ದೇ ರಬ್ಬರ್ ಪಟ್ಟಿಗಳಿದ್ದವು. ಸಿಟಿಯಲ್ಲಿರುವುದು ಉಕ್ಕು.

ಬಳೆಯಂಥ ತೆಳ್ಳನೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕೂರಿಸಿ, ಅದಕ್ಕೆ ಸುಮಾರು ನಾನೂರು ಉಕ್ಕಿನ ಚಿಕ್ಕ ಬಿಲ್ಲೆಗಳನ್ನು ಪೋಣಿಸಿರುತ್ತಾರೆ. ಒಂದು ಪುಲ್ಲಿ ಎಂಜಿನ್ ಕಡೆಗೆ, ಇನ್ನೊಂದು ಚಕ್ರದ ಕಡೆಗೆ. ಪುಲ್ಲಿಯ ಎರಡು ಹೋಳು ಹತ್ತಿರ ಬಂದರೆ ಬೆಲ್ಟ್ ಮೇಲೇರುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಅದರಿಂದಲೇ ಗೇರ್ ಬದಲಾಗುತ್ತದೆ. ಹಲ್ಲು ಅನ್ನುವುದೇ ಅಲ್ಲಿಲ್ಲ. ಇಪ್ಪತ್ತಾರು ವರ್ಷ ಹಲ್ಲು ಕತ್ತರಿಸಿದ ನನಗೆ ಮೊದಲ ಸಲ ಇದನ್ನು ಬಿಚ್ಚಿಟ್ಟಿದ್ದು ನೋಡಿದಾಗ ಸ್ವಲ್ಪ ಬೇಜಾರೇ ಆಯಿತು.

ಇನ್ನೊಂದು ಮಜಾ ಇದೆ. ಗಿರಣಿಯ ಪಟ್ಟಿ ಎಳೆಯುತ್ತದೆ, ಈ ಉಕ್ಕಿನ ಬೆಲ್ಟ್ ತಳ್ಳುತ್ತದೆ. ಬಿಲ್ಲೆಗಳು ಒಂದನ್ನೊಂದು ನೂಕುತ್ತಾ ಹೋಗುತ್ತವೆ, ಜಾತ್ರೆಯ ಸಾಲಿನಲ್ಲಿ ಹಿಂದಿನವರು ಮುಂದಿನವರನ್ನು ನೂಕಿದ ಹಾಗೆ. ಬಿಲ್ಲೆಯ ಅಂಚು ಪುಲ್ಲಿಯನ್ನು ಜಾರದಂತೆ ಹಿಡಿಯಬೇಕು, ಆದರೆ ಲೋಹಕ್ಕೆ ಲೋಹ ಉಜ್ಜಿ ಗೀರು ಬೀಳಬಾರದು. ಈ ಎರಡೂ ಕೆಲಸವನ್ನು ಮಾಡುವುದು ಮಧ್ಯದಲ್ಲಿರುವ ಕೂದಲಿಗಿಂತ ತೆಳ್ಳನೆಯ ಆಯಿಲ್ ಪದರ. ಆಯಿಲ್ ಸರಿ ಇದ್ದರೆ ಬೆಲ್ಟ್ ಸುಮ್ನೆ ಹರಿಯುವುದಿಲ್ಲ. ಆಯಿಲ್ ಸತ್ತರೆ ಬೆಲ್ಟ್ ಜಾರುತ್ತದೆ, ಪುಲ್ಲಿಯ ಮೇಲೆ ಗೀರು ಬೀಳುತ್ತದೆ, ಆ ಗೀರಿನ ಪುಡಿ ಮತ್ತೆ ಆಯಿಲಿಗೇ ಸೇರುತ್ತದೆ. ಅಲ್ಲಿಂದ ಮುಂದೆ ಸಾವಿರದ ಲೆಕ್ಕ ಬಿಟ್ಟು ಲಕ್ಷದ ಲೆಕ್ಕ ಶುರು.

ವಂಟಮೂರಿ ಘಾಟ್ ಏರುವಾಗ ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಓಡಲ್ಲ. ಗೇರ್ ಬಾಕ್ಸ್ ಜಾರ್ತಿದೆಯಾ?

ಬಹುತೇಕ ಇಲ್ಲ. ಸಿವಿಟಿಯ ಸ್ವಭಾವವೇ ಅದು. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮೊದಲು 4,000–5,000 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಹೋಗಿ ಕೂರುತ್ತದೆ, ಗಾಡಿ ನಿಧಾನಕ್ಕೆ ಅದನ್ನು ಹಿಂಬಾಲಿಸುತ್ತದೆ. ಗೇರ್ ಬಿದ್ದ ಜರ್ಕ್ ಕೇಳಿ ರೂಢಿಯಾದವರಿಗೆ ಇದು ಕ್ಲಚ್ ಜಾರಿದಂತೆ ಅನಿಸುತ್ತದೆ.

ನಿಜವಾಗಿ ಜಾರುತ್ತಿದ್ದರೆ ಗುರುತು ಬೇರೆ. ಸಮತಟ್ಟಾದ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಕಾಲು ಅಲುಗಾಡಿಸದೆ ಹೋಗುತ್ತಿದ್ದೀರಿ ಅಂದುಕೊಳ್ಳಿ. ಆಗ ಆರ್‌ಪಿಎಂ ಮುಳ್ಳು ತಾನಾಗೇ ಮೇಲೆ ಕೆಳಗೆ ಆಡಿದರೆ ಎಚ್ಚರ. 20ರಿಂದ 40 ಕಿಲೋಮೀಟರ್ ವೇಗದಲ್ಲಿ, ಕಲ್ಲು ಹಾಸಿನ ರಸ್ತೆಯ ಮೇಲೆ ಹೋದಂತೆ ಗಾಡಿ ಸಣ್ಣಗೆ ನಡುಗಿದರೂ ಎಚ್ಚರ. ಎಂಜಿನ್ ಏರಿದಂತೆ ಏರುವ ಕುಯ್ಯೋ ಸದ್ದು ಹಿಂದೆ ಇಲ್ಲದ್ದು ಈಗ ಬಂದಿದ್ದರೆ ಅದೂ ಒಳ್ಳೆಯದಲ್ಲ. ಈ ಮೂರರಲ್ಲಿ ಒಂದು ಕಂಡರೂ ಮೊದಲು ಆಯಿಲ್ ನೋಡಿಸಿ. ಗೇರ್ ಬಾಕ್ಸ್ ಇಳಿಸುವ ಮಾತು ಆಮೇಲೆ.

ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? "ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ" ಅಂತಾರಲ್ಲ.

ಯಾರ ಲೈಫ್‌ಟೈಮ್ ಅಂತ ನಾನು ತಿರುಗಿ ಕೇಳುತ್ತೇನೆ. ಗಾಡಿಯದೋ, ವಾರಂಟಿಯದೋ?

ಗಾಡಿಯ ಜೊತೆ ಕೊಟ್ಟ ಮ್ಯಾನುಯಲ್ ಪುಸ್ತಕ ತೆಗೆದು ಓದಿ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇರುತ್ತದೆ, ಯಾರೂ ಬಿಚ್ಚಿರುವುದಿಲ್ಲ. ಹಲವು ಕಂಪನಿಗಳ ಮ್ಯಾನುಯಲಿನಲ್ಲಿ ಎರಡು ಲೆಕ್ಕ ಇರುತ್ತದೆ: ಸಾಮಾನ್ಯ ಬಳಕೆಗೆ ಒಂದು, ಕಠಿಣ ಬಳಕೆಗೆ ಇನ್ನೊಂದು. ಕಠಿಣ ಬಳಕೆ ಅಂದರೆ ಏನಂತೆ? ಧೂಳಿನ ರಸ್ತೆ, ಬಿಸಿಲು, ಘಾಟ್, ಹತ್ತು ನಿಮಿಷದ ಸಣ್ಣ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್. ಓದಿ ನೋಡಿದರೆ ನಮ್ಮೂರಿನ ಬಗ್ಗೆಯೇ ಬರೆದ ಹಾಗಿದೆ. ಬೆಳಿಗ್ಗೆ ಟಿಳಕವಾಡಿಯಿಂದ ಕ್ಯಾಂಪಿಗೆ ಮಕ್ಕಳನ್ನು ಬಿಡುವುದು, ರವಿವಾರ ಚೋರ್ಲಾ ಘಾಟ್, ಏಪ್ರಿಲ್‌ನಲ್ಲಿ ವಿಜಯಪುರದ ಬೀಗರ ಮನೆಯ ಲಗ್ನ.

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ನಮಗೆ ಬಿಸಿಲಿನ ಬಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ. ವಿಜಯಪುರ, ಬಾಗಲಕೋಟೆಯ ಕಡೆ ಬೇಸಿಗೆಯಲ್ಲಿ ಪಾದರಸ 40 ದಾಟುತ್ತದೆ. ಗೇರ್ ಬಾಕ್ಸ್ ಆಯಿಲಿಗೆ ಬಿಸಿಯೇ ಯಮ. ಮಿಸ್ತ್ರಿಗಳ ನಡುವೆ ಒಂದು ಅಂದಾಜು ಲೆಕ್ಕ ಇದೆ: ಆಯಿಲಿನ ಬಿಸಿ 80 ಡಿಗ್ರಿ ದಾಟಿದ ಮೇಲೆ ಪ್ರತಿ ಹತ್ತು-ಹನ್ನೊಂದು ಡಿಗ್ರಿಗೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಅಳತೆಗೋಲಿನಷ್ಟು ನಿಖರ ಅಲ್ಲ, ಆದರೆ ದಿಕ್ಕು ಸರಿ ಇದೆ.

ನಾನು ಮಾಡುವುದು ಇಷ್ಟು. ಸಿವಿಟಿ ಆಯಿಲನ್ನು 40,000 ಕಿಲೋಮೀಟರಿಗೊಮ್ಮೆ ಬದಲಿಸುತ್ತೇನೆ. ಮ್ಯಾನುಯಲ್ ಪುಸ್ತಕ ಅದಕ್ಕಿಂತ ಮೊದಲೇ ಹೇಳಿದ್ದರೆ ಪುಸ್ತಕದ ಮಾತು ಕೇಳಿ. ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ಪೂರ್ತಿ ಬರುವುದಿಲ್ಲ, ಟಾರ್ಕ್ ಕನ್ವರ್ಟರ್ ಹೊಟ್ಟೆಯಲ್ಲಿ ಒಂದಷ್ಟು ಉಳಿದೇ ಉಳಿಯುತ್ತದೆ. ತುಂಬಾ ಹಳೇ ಆಯಿಲ್ ಇದ್ದರೆ ಒಮ್ಮೆ ಬದಲಿಸಿ, ಕೆಲವು ಸಾವಿರ ಕಿಲೋಮೀಟರ್ ಓಡಿಸಿ, ಇನ್ನೊಮ್ಮೆ ಬದಲಿಸುವುದು ಒಳ್ಳೆಯದು. ಮಷಿನ್ ಹಚ್ಚಿ ಒತ್ತಡದಿಂದ ತೊಳೆಯುವ 'ಫ್ಲಶಿಂಗ್' ನನಗೆ ಅಷ್ಟು ಇಷ್ಟ ಇಲ್ಲ. ಮೂಲೆಯಲ್ಲಿ ಸುಮ್ಮನೆ ಕೂತ ಕೆಸರನ್ನು ಎಬ್ಬಿಸಿ ವಾಲ್ವಿಗೆ ಕಳಿಸಿದಂತೆ ಆಗುತ್ತದೆ.

ಬದಲಿಸುವಾಗ ನೀವೇ ಹತ್ತಿರ ನಿಂತು ಡ್ರೈನ್ ಬೋಲ್ಟ್ ಕೈಗೆ ತೆಗೆದುಕೊಳ್ಳಿ. ಅದರ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಕಾಡಿಗೆಯಂಥ ನುಣ್ಣನೆ ಪೇಸ್ಟ್ ಅಂಟಿದ್ದರೆ ಚಿಂತೆ ಬೇಡ, ಎಲ್ಲ ಗಾಡಿಯಲ್ಲೂ ಇರುತ್ತದೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಚಿಂತೆ ಮಾಡಿ.

ಆಯಿಲ್ ಯಾವುದಾದರೇನು, ಎಲ್ಲ ಒಂದೇ ಅಲ್ವಾ?

ಅಲ್ಲ. ಇದೊಂದು ವಿಷಯದಲ್ಲಿ ನಾನು ಜಗಳಕ್ಕೆ ನಿಲ್ಲುತ್ತೇನೆ.

2014ರ ನಂತರದ ಸಿಟಿ ಸಿವಿಟಿಗೆ ಹೋಂಡಾ ಹೇಳುವುದು ಎಚ್‌ಸಿಎಫ್-2 ಅನ್ನುವ ಆಯಿಲ್. 2008ರ ಪೀಳಿಗೆಯ 5 ಗೇರಿನ ಆಟೋಮ್ಯಾಟಿಕ್ಕಿಗೆ ಡಿಡಬ್ಲ್ಯು-1 ಅನ್ನುವ ಎಟಿಎಫ್, ಅಂದರೆ ಮಾಮೂಲಿ ಆಟೋಮ್ಯಾಟಿಕ್ಕಿನ ಆಯಿಲ್. ಮ್ಯಾನುಯಲ್ ಗೇರ್ ಬಾಕ್ಸಿಗೆ ಅದರದೇ ಆಯಿಲ್, ಎಂಟಿಎಫ್. ಎಟಿಎಫ್ ಅನ್ನು ಸಿವಿಟಿಗೆ ಹಾಕಿದರೆ ಬೆಲ್ಟ್ ಹಿಡಿಯಬೇಕಾದಷ್ಟು ಹಿಡಿಯುವುದಿಲ್ಲ.

ನಮ್ಮ ಸಂಬಂಧಿಕರೊಬ್ಬರ ಗಾಡಿಯಲ್ಲಿ ಹೀಗೇ ಆಯಿತು. ಒಬ್ಬ ಮಿಸ್ತ್ರಿ ಒಳ್ಳೆಯ ಮನಸ್ಸಿನಿಂದಲೇ, ದುಡ್ಡು ಉಳಿಸಿಕೊಡಲೆಂದು, ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಎಟಿಎಫ್ ಸುರಿದಿದ್ದ. ಧಾರವಾಡ ಮುಟ್ಟುವ ಮೊದಲೇ ಗಾಡಿ ನಡುಗಲು ಶುರುವಾಯಿತು. ಪುಣ್ಯಕ್ಕೆ ಅವರು ಅಲ್ಲೇ ನಿಲ್ಲಿಸಿ ಫೋನ್ ಹಚ್ಚಿದರು. ಎರಡು ಸಲ ಸರಿಯಾದ ಆಯಿಲ್ ಹಾಕಿ ಇಳಿಸಿದ ಮೇಲೆ ನಡುಕ ನಿಂತಿತು. ಅದೇ ಹುಬ್ಬಳ್ಳಿ ತನಕ ಹೊಡೆದಿದ್ದರೆ ಕಥೆ ಬೇರೆ ಇರುತ್ತಿತ್ತು.

ಸೀಲ್ ಇರುವ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ಒಡೆಸಿ. ಬಿಲ್ಲಿನ ಮೇಲೆ ಆಯಿಲಿನ ಹೆಸರು ಬರೆಸಿಕೊಳ್ಳಿ. ಮುಂದೆ ಗಾಡಿ ಮಾರುವಾಗ ಆ ಬಿಲ್ಲಿಗೆ ಹೊಸ ಸೀಟ್ ಕವರಿಗಿಂತ ಜಾಸ್ತಿ ಬೆಲೆ.

ಇಷ್ಟೆಲ್ಲಾ ಕಿರಿಕಿರಿ ಯಾಕೆ, ಮ್ಯಾನುಯಲ್ಲೇ ಗಟ್ಟಿ ಅಲ್ವಾ ಕಾಕಾ?

ಗೇರ್ ಬಾಕ್ಸ್ ಗಟ್ಟಿ. ಕ್ಲಚ್ ಮಾತ್ರ ನಿಮ್ಮ ಎಡಗಾಲಿನ ಮೇಲೆ ನಿಂತಿದೆ.

ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಚಿಕ್ಕೋಡಿ, ಅಥಣಿ ಕಡೆ ಗಾಡಿ ಓಡಿಸಿದ್ದೀರಾ? ಮುಂದೆ ಒಂದು ಟ್ರ್ಯಾಕ್ಟರ್, ಅದಕ್ಕೆ ಎರಡು ಟ್ರೇಲರ್, ಮೇಲೆ ಮನೆಯಷ್ಟು ಎತ್ತರ ಕಬ್ಬು. ಟೇಪ್ ರೆಕಾರ್ಡರ್ ಹಾಡು ಬೇರೆ. ಎದುರಿನಿಂದ ಬಸ್ಸು. ಓವರ್‌ಟೇಕ್ ಮಾಡಲು ಆಗುವುದಿಲ್ಲ. ಆಗ ಎಲ್ಲರೂ ಎರಡನೇ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ಮೂರು ಕಿಲೋಮೀಟರ್ ತೆವಳುತ್ತಾರೆ. ಕ್ಲಚ್ ಪ್ಲೇಟ್ ಸುಡುವುದು ಅಲ್ಲೇ. ಮೊದಲನೇ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಮುಂದೆ ಸ್ವಲ್ಪ ಜಾಗ ಬಿಟ್ಟು ಹೋದರೆ ಅದೇ ಗಾಡಿ ತಾನೇ ನಡೆಯುತ್ತದೆ. ಆ ಜಾಗಕ್ಕೆ ಬೈಕಿನವರು ಬಂದು ನುಗ್ಗುತ್ತಾರೆ ನಿಜ. ನುಗ್ಗಲಿ ಬಿಡಿ.

ನನ್ನ 2009ರ ಗಾಡಿಯ ಕ್ಲಚ್ 92,000 ಕಿಲೋಮೀಟರ್ ಬಂತು. ನನ್ನ ತಮ್ಮನ ಗಾಡಿಯದು 38,000ಕ್ಕೇ ಮುಗಿಯಿತು. ಎರಡೂ ಒಂದೇ ಮಾಡೆಲ್. ಅವನು ಕ್ಲಚ್ ಪೆಡಲನ್ನು ಕಾಲಿಡುವ ಮಣೆ ಅಂತ ತಿಳಿದಿದ್ದ. ಗೋಗಟೆ ಸರ್ಕಲ್ಲಿನ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿ, ನನ್ನ ಕಡೆ ನೋಡಿ ಮೀಸೆ ತಿರುವುತ್ತಿದ್ದ. ಬಿಲ್ಲು ಬಂದ ದಿನ ಮೀಸೆ ತಣ್ಣಗಿತ್ತು.

ಕ್ಲಚ್ ಹೋಗಿದೆಯಾ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಖಾಲಿ ಹೈವೇಯಲ್ಲಿ ಟಾಪ್ ಗೇರಿನಲ್ಲಿ 60ರ ಆಸುಪಾಸು ಹೋಗುವಾಗ ಆಕ್ಸಿಲರೇಟರ್ ಗಟ್ಟಿಯಾಗಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಪ್ಲೇಟ್ ಮುಗಿದಿದೆ. ಪೆಡಲ್ ಒತ್ತಿದಾಗ ಮಾತ್ರ ಕರಕರ ಸದ್ದು ಬಂದರೆ ರಿಲೀಸ್ ಬೇರಿಂಗ್ ಕಡೆ ನೋಡಿ. ಬದಲಿಸುವಾಗ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. ದುಡ್ಡು ಹೋಗುವುದು ಗೇರ್ ಬಾಕ್ಸ್ ಇಳಿಸುವ ಕೂಲಿಗೆ. ಅದನ್ನು ಎರಡು ಸಲ ಯಾಕೆ ಕೊಡಬೇಕು?

ಮ್ಯಾನುಯಲ್ ಗೇರ್ ಬಾಕ್ಸಿಗೂ ಆಯಿಲ್ ಇರುತ್ತದೆ ಅನ್ನುವುದನ್ನು ಅರ್ಧ ಜನ ಮರೆತೇ ಬಿಟ್ಟಿದ್ದಾರೆ. ಚಳಿಗಾಲದ ಬೆಳಿಗ್ಗೆ ಎರಡನೇ ಗೇರ್ ಬೀಳಲು ಹಟ ಮಾಡಿದರೆ ಮೊದಲು ಅದನ್ನೇ ಬದಲಿಸಿ ನೋಡಿ.

ಚೋರ್ಲಾ ಘಾಟಿನಲ್ಲಿ ಆಟೋಮ್ಯಾಟಿಕ್ ಗಾಡಿ ಹೇಗೆ ಓಡಿಸಬೇಕು?

ಜಾಂಬೋಟಿ, ಕಣಕುಂಬಿ ದಾಟಿ ಗೋವಾ ಕಡೆ ಇಳಿಯುವಾಗ ಗೇರ್ ಲಿವರನ್ನು ಡಿ (ಡ್ರೈವ್) ಯಲ್ಲೇ ಬಿಟ್ಟು ಬರೀ ಬ್ರೇಕಿನ ಮೇಲೆ ಇಳಿಯಬೇಡಿ. ಲಿವರಿನಲ್ಲಿ ಎಸ್ (ಸ್ಪೋರ್ಟ್) ಅಥವಾ ಎಲ್ (ಲೋ) ಇದ್ದರೆ ಅದಕ್ಕೆ ಹಾಕಿ. ಸ್ಟೀರಿಂಗ್ ಹಿಂದೆ ಪ್ಯಾಡಲ್ ಇದ್ದರೆ ಎಡಗಡೆಯದನ್ನು ಒತ್ತಿ ಗೇರ್ ಇಳಿಸಿ. ಎಂಜಿನ್ ಸ್ವಲ್ಪ ಕೂಗುತ್ತದೆ, ಕೂಗಲಿ. ಅದು ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತಿದೆ ಅಂತ ಅರ್ಥ.

ಪೆಟ್ರೋಲ್ ಉಳಿಸಲು ಎನ್ (ನ್ಯೂಟ್ರಲ್) ನಲ್ಲಿ ಇಳಿಯುವವರು ಇನ್ನೂ ಇದ್ದಾರೆ. ಹಾಗೆ ಮಾಡಿದರೆ ಉಳಿಯುವುದೂ ಇಲ್ಲ. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಎನ್ ನಲ್ಲಿದ್ದರೆ ಎಂಜಿನ್ ಜೀವ ಹಿಡಿದುಕೊಳ್ಳಲು ಕುಡಿಯುತ್ತಲೇ ಇರುತ್ತದೆ. ಮೇಲಾಗಿ ಬ್ರೇಕ್ ಕಾದು ಕೈಕೊಡುತ್ತದೆ.

ಹತ್ತುವಾಗ, ಮುಂದೆ ಲಾರಿ ನಿಂತು ನಿಂತು ಹೋಗುತ್ತಿದ್ದರೆ, ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಗಾಡಿಯನ್ನು ಏರಿನಲ್ಲಿ ತೂಗಾಡಿಸಬೇಡಿ. ಬ್ರೇಕ್ ಹಿಡಿದು ನಿಲ್ಲಿ, ಜಾಗ ಆದ ಮೇಲೆ ಒಮ್ಮೆಲೇ ಹೋಗಿ.

ವರ್ನಾ, ಸ್ಲಾವಿಯಾ, ವರ್ಟಸ್, ಸಿಯಾಜ್ ಗೇರ್ ಬಾಕ್ಸ್ ಹೇಗೆ? ಸಿಟಿಗಿಂತ ಮೇಲಾ?

ಒಂದೊಂದರಲ್ಲಿ ಒಂದೊಂದು ಜಾತಿ ಇದೆ. ಗಾಡಿಯ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಎಂಜಿನ್ ಯಾವುದು ನೋಡಿ.

ಸಿಯಾಜ್‌ನಲ್ಲಿ ಇದ್ದದ್ದು 4 ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಹಳೇ ಕಾಲದ್ದು, ಓಟ ನೀರಸ, ಕೆಡುವುದು ಅಪರೂಪ. ಹೊಸದು ಈಗ ಸಿಗುವುದಿಲ್ಲ. 2023ರ ವರ್ನಾದ ಸಾದಾ 1.5 ಪೆಟ್ರೋಲಿಗೆ ಐವಿಟಿ ಇದೆ. ಹೆಸರು ಬೇರೆ ಅಷ್ಟೇ, ಅದೂ ಸಿವಿಟಿಯೇ. ಅದೇ ವರ್ನಾದ ಟರ್ಬೋಗೆ 7 ಗೇರಿನ ಡಿಸಿಟಿ. ಸ್ಲಾವಿಯಾ, ವರ್ಟಸ್ ಎರಡೂ ಒಳಗೆ ಅಣ್ಣತಮ್ಮ. 1.0 ಟರ್ಬೋಗೆ 6 ಗೇರಿನ ಟಾರ್ಕ್ ಕನ್ವರ್ಟರ್, 1.5 ಟರ್ಬೋಗೆ 7 ಗೇರಿನ ಡಿಎಸ್‌ಜಿ.

ಡಿಸಿಟಿ, ಡಿಎಸ್‌ಜಿ ಅಂದರೆ ಎರಡು ಕ್ಲಚ್ ಇರುವ ಗೇರ್ ಬಾಕ್ಸ್. ಒಂದು ಕ್ಲಚ್ ಬೆಸ ಗೇರಿಗೆ, ಇನ್ನೊಂದು ಸಮ ಗೇರಿಗೆ. ಹೈವೇಯಲ್ಲಿ ಬೆಣ್ಣೆಯಲ್ಲಿ ಕತ್ತಿ ಆಡಿದಂತೆ ಗೇರ್ ಬೀಳುತ್ತದೆ. ಆದರೆ ಈ ಗಾಡಿಗಳಲ್ಲಿರುವುದು ಒಣ ಕ್ಲಚ್. ಆಯಿಲಿನಲ್ಲಿ ಮುಳುಗಿಲ್ಲ, ತಂಪು ಮಾಡಲು ಗಾಳಿ ಬಿಟ್ಟರೆ ಬೇರೆ ದಾರಿ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಅರ್ಧ ತಾಸು ತೆವಳಿದರೆ ಏನಾಗುತ್ತದೆ ನೀವೇ ಯೋಚಿಸಿ.

ಈ 7 ಗೇರಿನ ಒಣ ಕ್ಲಚ್ ಡಿಎಸ್‌ಜಿಗೆ ಒಂದು ಹಳೇ ಕಳಂಕವೂ ಇದೆ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ ವರ್ಟಸ್ ಮಾಡುವ ಕಂಪನಿ ಫೋಕ್ಸ್‌ವ್ಯಾಗನ್ ಸುಮಾರು 3.84 ಲಕ್ಷ ಗಾಡಿಗಳನ್ನು ಇದೇ ವಿಷಯಕ್ಕೆ ವಾಪಸ್ ಕರೆಯಬೇಕಾಯಿತು. ಅಲ್ಲಿನ ಸರ್ಕಾರಿ ಟಿವಿ ಗ್ರಾಹಕರ ದಿನದಂದು ಇದನ್ನೇ ತೋರಿಸಿತ್ತು. ಆಮೇಲೆ ಗೇರ್ ಬಾಕ್ಸಿನ ಆಯಿಲನ್ನೇ ಬದಲಿಸಿದರು. ಈಗಿನವು ಆಗಿನವುಗಳಿಗಿಂತ ಎಷ್ಟೋ ಸುಧಾರಿಸಿವೆ. ಆದರೂ ನನ್ನನ್ನು ಕೇಳಿದರೆ, ಹತ್ತು ವರ್ಷ ಇಟ್ಟುಕೊಳ್ಳುವ, ಘಾಟ್-ಟ್ರಾಫಿಕ್ ಎರಡೂ ಇರುವ ಮನೆಗೆ 6 ಗೇರಿನ ಟಾರ್ಕ್ ಕನ್ವರ್ಟರ್ ಮೊದಲ ಆಯ್ಕೆ. ಆಯಿಲ್ ಬದಲಿಸುವ ಶಿಸ್ತು ಇದ್ದರೆ ಸಿವಿಟಿ ಅದರ ಬೆನ್ನಿಗೇ ಬರುತ್ತದೆ. ಡಿಸಿಟಿ ಓಡಿಸುವ ಖುಷಿಗೆ, ಅದೂ ವಾರಂಟಿ ಇರುವ ತನಕ. ಮಗ ಇದನ್ನು ಒಪ್ಪುವುದಿಲ್ಲ. ಅವನ ವಯಸ್ಸಿಗೆ ನಾನೂ ಒಪ್ಪುತ್ತಿರಲಿಲ್ಲ.

ಹೋಂಡಾ ಸಿವಿಟಿಯನ್ನೂ ಕಂಪನಿ ವಾಪಸ್ ಕರೆದಿತ್ತಂತೆ, ನಿಜವಾ?

ಅಮೆರಿಕದಲ್ಲಿ 2015ರ ಜುಲೈನಲ್ಲಿ ಸುಮಾರು 1,43,000 ಸಿವಿಕ್ ಮತ್ತು ಫಿಟ್ ಗಾಡಿಗಳನ್ನು ಕರೆದಿದ್ದರು. ಫಿಟ್ ಅಂದರೆ ನಮ್ಮಲ್ಲಿ ಜಾಝ್. ಸಿವಿಟಿಯ ಪುಲ್ಲಿ ಶಾಫ್ಟಿನ ಮೇಲೆ ಒತ್ತಡ ಜಾಸ್ತಿ ಬಿದ್ದು ಮುರಿಯಬಹುದು ಅನ್ನುವುದು ಕಾರಣ. ಪರಿಹಾರ ಸಾಫ್ಟ್‌ವೇರ್ ಬದಲಾವಣೆ. ನಿಮ್ಮ ಗಾಡಿಗೆ ಯಾವುದಾದರೂ ಬಾಕಿ ಕರೆ ಇದೆಯಾ ಅಂತ ತಿಳಿಯಲು 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಐದು ನಿಮಿಷದ ಕೆಲಸ, ರಿಪೇರಿಗೆ ದುಡ್ಡಿಲ್ಲ.

ಸೆಕೆಂಡ್ ಹ್ಯಾಂಡ್ ಸಿಟಿ ಆಟೋಮ್ಯಾಟಿಕ್ ತಗೋಬೇಕು. ಏನೇನು ನೋಡಲಿ?

ಮಾರುವವರಿಗೆ ಮೊದಲೇ ಫೋನ್ ಮಾಡಿ "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡ್ರಿ" ಅಂತ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿದ್ದಾಗ ತೋರುವ ರೋಗ ಬಿಸಿಯಾದಾಗ ಅಡಗುತ್ತದೆ, ಕೆಲವು ಬಿಸಿಯಾದ ಮೇಲೆಯೇ ಕಾಣುತ್ತವೆ. ಹಾಗಾಗಿ ತಣ್ಣಗೊಮ್ಮೆ, ಅರ್ಧ ತಾಸು ಓಡಿಸಿ ಇನ್ನೊಮ್ಮೆ ನೋಡಬೇಕು.

ಬ್ರೇಕ್ ಹಿಡಿದು ಪಿ (ಪಾರ್ಕಿಂಗ್) ಯಿಂದ ಆರ್ (ರಿವರ್ಸ್), ಆರ್ ನಿಂದ ಡಿ ಗೆ ಹಾಕಿ. ಒಂದು ಸೆಕೆಂಡಿನೊಳಗೆ ಗಾಡಿ ಮೆಲ್ಲಗೆ ಹಿಡಿಯಬೇಕು. ತಡವಾಗಿ ಧಡ್ ಅಂತ ಹಿಡಿದರೆ ಒಳಗೆ ಏನೋ ಇದೆ, ಅಥವಾ ಎಂಜಿನ್-ಗೇರ್ ಬಾಕ್ಸನ್ನು ಹಿಡಿದಿಡುವ ಮೌಂಟಿಂಗ್ ಹೋಗಿದೆ. ಮೌಂಟಿಂಗ್ ಆದರೆ ಅಗ್ಗ. ಅದನ್ನೇ ಗೇರ್ ಬಾಕ್ಸ್ ಹೋಗಿದೆ ಅಂತ ಹೆದರಿಸುವವರೂ ಇದ್ದಾರೆ. ಬೇರೆ ಮಿಸ್ತ್ರಿಗೂ ಒಮ್ಮೆ ತೋರಿಸಿ.

ಓಡಿಸಲು ಹೈವೇಗೆ ಕರೆದುಕೊಂಡು ಹೋಗುತ್ತಾರೆ. 100ರಲ್ಲಿ ಯಾವ ಸಿವಿಟಿಯೂ ರೇಷ್ಮೆಯಂತೆ ಹೋಗುತ್ತದೆ. ನೀವು ಮೂರನೇ ರೈಲ್ವೆ ಗೇಟಿನ ಕಡೆ ತಿರುಗಿಸಿ. ನಿಲ್ಲಿಸಿ, ಬಿಟ್ಟು, ಮತ್ತೆ ನಿಲ್ಲಿಸಿ ನೋಡಿ. ಆಮೇಲೆ ಯಳ್ಳೂರಿನ ರಾಜಹಂಸಗಡದ ಏರು ಹತ್ತಿಸಿ. ಕೋಟೆ ನೋಡಿದ ಹಾಗೂ ಆಯಿತು. ಆ ಏರಿನಲ್ಲಿ ನಡುಕ, ಕುಯ್ಯೋ ಸದ್ದು, ಸುಟ್ಟ ವಾಸನೆ ಮೂರೂ ಇಲ್ಲದಿದ್ದರೆ ಮುಂದಿನ ಮಾತು.

ಇತ್ತೀಚಿನ ಬಹುತೇಕ ಸಿವಿಟಿಗಳಲ್ಲಿ ಆಯಿಲ್ ನೋಡಲು ಡಿಪ್‌ಸ್ಟಿಕ್ ಇರುವುದಿಲ್ಲ. ಹಾಗಾಗಿ ಬಿಲ್ಲೇ ಸಾಕ್ಷಿ. 80,000 ಓಡಿದ ಗಾಡಿಯಲ್ಲಿ ಸಿವಿಟಿ ಆಯಿಲ್ ಬದಲಿಸಿದ ಒಂದು ಬಿಲ್ಲೂ ಇಲ್ಲದಿದ್ದರೆ, ಮೀಟರ್ ಎಷ್ಟೇ ಚೆಂದ ತೋರಿಸಲಿ, ನಾನಾದರೆ ಬೇರೆ ಗಾಡಿ ಹುಡುಕುತ್ತೇನೆ.

ನೀರಿನಲ್ಲಿ ಮುಳುಗಿದ ಗಾಡಿಯಾ ಅಂತಲೂ ನೋಡಿ. 2019ರ ಆಗಸ್ಟ್‌ನ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಗಾಡಿ ನೀರು ಕುಡಿದವು ಅಂತ ಕಣ್ಣಾರೆ ಕಂಡಿದ್ದೇವೆ. ಗೇರ್ ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ, ನೀರು ಅಲ್ಲಿಂದಲೂ ಒಳಗೆ ಹೋಗುತ್ತದೆ. ನೀರು ಸೇರಿದ ಆಯಿಲ್ ಹಾಲು ಹಾಕಿದ ಚಹಾದಂತೆ ಕಾಣುತ್ತದೆ. ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟಿಗೆ ತುಕ್ಕು ಹಿಡಿದಿದೆಯಾ, ಸೀಟ್ ಬೆಲ್ಟಿನ ತುದಿಯಲ್ಲಿ ಮಣ್ಣಿನ ಗೆರೆ ಇದೆಯಾ ನೋಡಿ.

ಸಿಗ್ನಲ್‌ನಲ್ಲಿ ಡಿ ಯಲ್ಲೇ ಇರಲಾ, ಎನ್ ಗೆ ಹಾಕಲಾ?

ಅರ್ಧ ನಿಮಿಷಕ್ಕೆ ಡಿ, ಕಾಲು ಬ್ರೇಕಿನ ಮೇಲೆ. ರೈಲ್ವೆ ಗೇಟ್ ಬಿದ್ದಿದ್ದರೆ, ಗಣಪತಿ ಮೆರವಣಿಗೆ ಅಡ್ಡ ಬಂದಿದ್ದರೆ, ಎನ್ ಮತ್ತು ಹ್ಯಾಂಡ್‌ಬ್ರೇಕ್. ಮೆರವಣಿಗೆ ಆದರೆ ಎಂಜಿನ್ನೇ ಬಂದ್ ಮಾಡಿ, ಬೆಳಗಾಗಬಹುದು.

ಇಳಿಜಾರಿನಲ್ಲಿ ನಿಲ್ಲಿಸಿದ ಮೇಲೆ ಪಿ ಯಿಂದ ತೆಗೆಯುವಾಗ ಟಕ್ ಅನ್ನುತ್ತೆ. ಮುರಿಯಿತಾ?

ಮುರಿದಿಲ್ಲ. ಗಾಡಿಯ ಭಾರವೆಲ್ಲ ಪಾರ್ಕಿಂಗ್ ಕೊಂಡಿಯ ಮೇಲೆ ಬಿದ್ದಿದೆ. ಸವದತ್ತಿ ಗುಡ್ಡದಲ್ಲಿ ನಿಲ್ಲಿಸುವಾಗ ಮೊದಲು ಬ್ರೇಕ್ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಪಿ ಗೆ ಹಾಕಿ. ಸದ್ದು ಹೋಗುತ್ತದೆ.

ಹೈಬ್ರಿಡ್ ಸಿಟಿಯಲ್ಲಿ ಗೇರ್ ಬಾಕ್ಸೇ ಇಲ್ಲವಂತೆ?

2022ರಲ್ಲಿ ಬಂದ ಹೈಬ್ರಿಡ್‌ನಲ್ಲಿ ಬೆಲ್ಟ್ ಇಲ್ಲ, ಪುಲ್ಲಿ ಇಲ್ಲ. ಇ-ಸಿವಿಟಿ ಅಂತ ಬರೆದಿರುತ್ತಾರೆ, ಹೆಸರಿಗೆ ಮಾತ್ರ. ಊರಿನಲ್ಲಿ ಎಂಜಿನ್ ಕರೆಂಟ್ ಮಾಡುತ್ತದೆ, ಮೋಟಾರ್ ಚಕ್ರ ತಿರುಗಿಸುತ್ತದೆ. ಹೈವೇ ವೇಗದಲ್ಲಿ ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಸವೆಯುವ ಭಾಗ ಕಡಿಮೆ. ಬ್ಯಾಟರಿಯ ಲೆಕ್ಕ ಬೇರೆ.

ಘಾಟಿನಲ್ಲಿ ಗೇರ್ ಬಾಕ್ಸ್ ಕೈಕೊಟ್ಟರೆ ಟೋಚನ್ ಮಾಡಿ ಎಳೆಯಬಹುದಾ?

ಹಗ್ಗ ಕಟ್ಟಿ ಎಳೆಯಬೇಡಿ. ಸಿಟಿಗೆ ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಎಂಜಿನ್ ಬಂದ್ ಇದ್ದು ಮುಂದಿನ ಚಕ್ರ ತಿರುಗುತ್ತಿದ್ದರೆ ಒಳಗಿನ ಪಂಪ್ ತಿರುಗುವುದಿಲ್ಲ, ಆಯಿಲ್ ಹರಿಯುವುದಿಲ್ಲ, ಉಳಿದ ಭಾಗಗಳು ಒಣಗಿಕೊಂಡು ಉಜ್ಜುತ್ತವೆ. ಸಣ್ಣ ತೊಂದರೆಗೆ ನಿಂತ ಗಾಡಿ ಗ್ಯಾರೇಜ್ ಮುಟ್ಟುವಷ್ಟರಲ್ಲಿ ದೊಡ್ಡ ತೊಂದರೆ ಮಾಡಿಕೊಂಡಿರುತ್ತದೆ. ನಾಲ್ಕೂ ಚಕ್ರ ಮೇಲೆ ಕೂರುವ ಗಾಡಿಯನ್ನೇ ಕರೆಸಿ. ಬರಲು ಎರಡು ತಾಸು ಹಿಡಿದರೂ ಕಾಯಿರಿ.

ಡ್ಯಾಶ್‌ಬೋರ್ಡಿನಲ್ಲಿ ಬಿಸಿಯ ದೀಪ ಹತ್ತಿದ್ದರೆ ಮೊದಲು ಪಕ್ಕಕ್ಕೆ ನಿಲ್ಲಿಸಿ, ಪಿ ಗೆ ಹಾಕಿ, ತಣ್ಣಗಾಗಲು ಬಿಡಿ. ಎಷ್ಟೋ ಸಲ ಗೇರ್ ಬಾಕ್ಸ್ ತನ್ನನ್ನು ಉಳಿಸಿಕೊಳ್ಳಲೆಂದೇ ಸುಮ್ಮನಾಗಿರುತ್ತದೆ, ಅರ್ಧ ತಾಸಿನ ನಂತರ ಮತ್ತೆ ನಡೆಯುತ್ತದೆ. ನಡೆದರೂ ಮುಂದಿನ ಊರಿನಲ್ಲಿ ತೋರಿಸಿಯೇ ಹೋಗಿ.

ಇನ್ನೊಂದು. ಕಣಕುಂಬಿ ದಾಟಿದ ಮೇಲೆ ಕಾಡಿನಲ್ಲಿ ಮೊಬೈಲ್ ರೇಂಜ್ ನಂಬಬೇಡಿ. ಎಳೆಯುವ ಗಾಡಿಯವರ ನಂಬರು, ಇನ್ಶೂರೆನ್ಸ್ ಸಹಾಯದ ನಂಬರು ಎರಡನ್ನೂ ಕಾಗದದ ಮೇಲೆ ಬರೆದು ಆ ಮ್ಯಾನುಯಲಿನ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಹೇಗೂ ಅದನ್ನು ಬಿಚ್ಚಿಲ್ಲ ತಾನೆ.